ನೀರು ಕಂಡ ಬಟ್ಟೆ

ಹೊಸ ಬಟ್ಟೆಯನ್ನು ತೊಳೆದು ಹೊಲಿಯಬೇಕೋ, ಹೊಲಿದು ತೊಳೆಯಬೇಕೋ? ಕೌದಿ ಹೊಲಿಯಲು ಕೂತ ಮನೆಯಲ್ಲಿ ಈ ವಾದ ಒಂದಿಲ್ಲೊಂದು ದಿನ ಬಂದೇ ಬರುತ್ತದೆ. ‘ಇದೇನು ಮಹಾ ಪ್ರಶ್ನೆ, ಬಕೆಟ್ಟಿನಲ್ಲಿ ಅದ್ದಿ ತೆಗೆದರಾಯಿತು’ ಎಂದು ನೀವು ನಗಬಹುದು. ನಾನೂ ಹಾಗೇ ನಕ್ಕವಳು. ಆ ನಗು ನನಗೆ ಎಷ್ಟು ತುಟ್ಟಿಯಾಯಿತು ಎಂಬುದನ್ನು ಸೋದರಿಯರ ಮುಂದೆ ಹೇಳಿಕೊಳ್ಳೋಣವೆಂದು ಕೂತಿದ್ದೇನೆ. ಬರೆದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕೌದಿ ಕಾಣದ ಊರಿನವರಿಗಾಗಿ ಮೊದಲು ಎರಡು ಮಾತು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಮೂರು ನಾಲ್ಕು ಪದರ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಹಚ್ಚಿ, ಅಂಚಿನಿಂದ ಹೊಲಿಗೆ ಹಿಡಿದು ಸುತ್ತು ಸುತ್ತಾಗಿ ನಡುವಿಗೆ ಬರುವಂತೆ ಕೈಯಲ್ಲಿ ಹೊಲಿದರೆ ಅದೇ ಕೌದಿ. ಹಾಸಲೂ ಆಯಿತು, ಹೊದೆಯಲೂ ಆಯಿತು. ಮಹಾರಾಷ್ಟ್ರದವರು ಇದನ್ನೇ ಗೋಧಡಿ ಎನ್ನುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನೇ ಮಡಿಸಿ ಮಾಡಿದ ಹೂವು ಇರುತ್ತದೆ. ಊರು ಬೇರೆ, ಕೈ ಬೇರೆ, ಆದರೆ ಒಂದು ಸಂಗತಿ ಎಲ್ಲ ಕಡೆಯೂ ಒಂದೇ: ಬಟ್ಟೆ ಹಳೆಯದು. ಹಳೆಯದು ಎಂದರೆ ನೂರಾರು ಸಲ ಒಗೆಯುವ ಕಲ್ಲಿನ ಪೆಟ್ಟು ತಿಂದದ್ದು. ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟು ಮೆತ್ತಗಾಗಿರುವಂಥದ್ದು. ಆದ್ದರಿಂದಲೇ ನಮ್ಮ ಹಿರಿಯರಿಗೆ ಈ ಪ್ರಶ್ನೆ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ನಾವು ಅಂಗಡಿಯಿಂದ ಹೊಸ ಬಟ್ಟೆ ತಂದು ಕೌದಿ ಹೊಲಿಯತೊಡಗಿದ ಮೇಲೆ.

ನಮ್ಮದು ರಾಣೆಬೆನ್ನೂರು. 2022ರ ಜನವರಿಯಲ್ಲಿ ನನ್ನ ಹಿರಿಯ ಮಗಳಿಗೆ ನಮ್ಮ ಮನೆಯಲ್ಲೇ ಬಾಣಂತನವಾಯಿತು. ಹೆಣ್ಣುಕೂಸು. ಐದನೆಯ ತಿಂಗಳಲ್ಲಿ ಅವಳನ್ನು ಹುಬ್ಬಳ್ಳಿಗೆ, ಗಂಡನ ಮನೆಗೆ ಕಳಿಸಬೇಕು. ತೊಟ್ಟಿಲ ಜೊತೆಗೆ ಕೌದಿಯೂ ಹೋಗಬೇಕು. ಬೀಗರು ನಮಗಿಂತ ಒಂದು ಕೈ ಮೇಲು, ಅವರ ಮನೆಯಲ್ಲಿ ನಾಲ್ಕು ಜನ ಬಂದು ಹೋಗುವವರು. ಹಳೆ ಸೀರೆಯ ಕೌದಿ ಕಳಿಸಿದರೆ ಏನೆಂದಾರು ಎಂಬ ಅಳುಕು ನನಗೆ. ಪೇಟೆಗೆ ಹೋಗಿ ಕಟ್ ಪೀಸ್ ಅಂಗಡಿಯಲ್ಲಿ ಕೆಂಪು, ಬಿಳಿ, ಹಳದಿ, ಗಿಳಿಹಸಿರು ಹೀಗೆ ನಾಲ್ಕು ಬಣ್ಣದ ಹತ್ತಿ ಬಟ್ಟೆ ಒಂದೊಂದು ಮೀಟರ್ ತಂದೆ. ‘ಗ್ಯಾರಂಟಿ ಅರಿವಿರೀ ಅಕ್ಕಾರ, ಬಣ್ಣಾ ಬಿಡೂದಿಲ್ಲ, ಕುಗ್ಗೂದಿಲ್ಲ’ ಅಂದ ಅಂಗಡಿಯ ಹುಡುಗ. ಗ್ಯಾರಂಟಿಗೆ ಚೀಟಿ ಕೇಳುವ ಬುದ್ಧಿ ಯಾರಿಗಿರುತ್ತದೆ?

ಬಟ್ಟೆ ತಂದು ಮಂಚದ ಮೇಲೆ ಹರವಿದಾಗ ನಮ್ಮ ಅತ್ತೆ ಪಕ್ಕದಲ್ಲೇ ಕೂತಿದ್ದರು. ಆಗ ಅವರಿಗೆ ಎಪ್ಪತ್ತೆಂಟು. ಎರಡೂ ಕಣ್ಣಿಗೆ ಪೊರೆ ಬಂದು, ಒಂದಕ್ಕೆ ಆಪರೇಷನ್ ಆಗಿದ್ದರೂ ಬೆಳಕು ಅಷ್ಟಕ್ಕಷ್ಟೆ. ಆದರೆ ಕೈಬೆರಳೇ ಅವರ ಕಣ್ಣು. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದರು.

‘ಗಂಜಿ ಭಾಳ ಐತಿ. ಹೊಸಾ ಅರಿವಿ ಮೊದಲ ನೀರು ಕಾಣಬೇಕವ್ವಾ. ನೀರು ಕಾಣಲಾರದ್ದನ್ನ ಕೌದಿಗೆ ಹಚ್ಚಬ್ಯಾಡ.’

‘ತೊಳದ್ರ ಬಿರುಸು ಹೋಗತೈತ್ರಿ ಅತ್ತಿ. ಮಷೀನಿಗೆ ಜಾರತೈತಿ, ಅಂಚು ಎಳಿ ಬಿಡತಾವ. ಹೊಳಪೂ ಹೋಗತೈತಿ’ ಎಂದೆ.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಆರು ತಿಂಗಳು ಟೇಲರಿಂಗ್ ಕ್ಲಾಸಿಗೆ ಬೇರೆ ಹೋಗಿದ್ದೆ. ಅಕ್ಷರ ಬಾರದ ಅತ್ತೆಗಿಂತ ನನಗೇ ಹೆಚ್ಚು ತಿಳಿಯುತ್ತದೆ ಎಂಬ ಜಂಬ ಒಳಗೊಳಗೇ ಇತ್ತು. ಅದಕ್ಕೆ ಸರಿಯಾಗಿ ಮಗಳು ಬಾಣಂತಿ ಕೋಣೆಯಿಂದಲೇ ಮೊಬೈಲು ತೋರಿಸಿದಳು. ಅದರಲ್ಲಿ ಪರದೇಶದ ಹೆಂಗಸೊಬ್ಬಳು ಅವರ ಕಡೆಯ ಕೌದಿ ಹೊಲಿಯುತ್ತ, ‘ನಾನು ಬಟ್ಟೆಯನ್ನು ಮೊದಲು ತೊಳೆಯುವುದೇ ಇಲ್ಲ, ಬಿರುಸಾಗಿದ್ದರೆ ಕತ್ತರಿಸಲು ಚೆಂದ’ ಎಂದು ಹೇಳುತ್ತಿದ್ದಾಳಂತೆ. ಮಗಳು ಅರ್ಥ ಹೇಳಿದಳು. ಸರಿ, ನನಗೆ ಇನ್ನೇನು ಬೇಕು!

ಅತ್ತೆ ಮತ್ತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಟ್ರಂಕು ತೆಗೆಸಿ, ತಳದಿಂದ ಒಂದು ಧೋತರ ತೆಗೆದು ನನ್ನ ಕೈಗೆ ಕೊಟ್ಟರು. 2009ರಲ್ಲಿ ತೀರಿಕೊಂಡ ನಮ್ಮ ಮಾವನವರದು. ಉಳಿದವನ್ನೆಲ್ಲ ಅವರಿವರಿಗೆ ಕೊಟ್ಟು, ಇದೊಂದನ್ನು ಇಟ್ಟುಕೊಂಡಿದ್ದರು. ‘ಕೂಸಿನ ಕೌದಿ ಒಳಗ ಇದನ್ನ ಹಾಕು. ಮುತ್ತಜ್ಜನ ತೊಡಿ ಮ್ಯಾಲೆ ಮಲಗಿದಂಗ ಆಗತೈತಿ’ ಎಂದರು. ಬೆಳ್ಳಗೆ ಹಾಲಿನ ಕೆನೆಯಂತಿದ್ದ ಧೋತರ. ಹದಿಮೂರು ವರ್ಷ ಟ್ರಂಕಿನಲ್ಲಿದ್ದರೂ ಒಂದು ಹುಳ ಮುಟ್ಟಿರಲಿಲ್ಲ. ಬೇವಿನ ಎಲೆ ಹಾಕಿ, ವರ್ಷಕ್ಕೊಮ್ಮೆ ಒಗೆದು, ಬಿಸಿಲು ತೋರಿಸಿ ಇಟ್ಟಿದ್ದರು.

ಹದಿನೈದು ದಿನ ಕೂತು ಹೊಲಿದೆ. ಮೇಲಿನ ಹೊಸ ತುಂಡುಗಳನ್ನು ಮಷೀನಿನಲ್ಲಿ ಕೂಡಿಸಿ, ಒಳಗೆ ಮಾವನವರ ಧೋತರವನ್ನು ಎರಡು ಪದರ ಹಾಕಿ, ಕೆಳಗೆ ನನ್ನದೊಂದು ಹಳೆಯ ವಾಯಿಲ್ ಸೀರೆ ಕೊಟ್ಟು, ಕೈಯಲ್ಲಿ ಸುತ್ತು ಹೊಲಿಗೆ ಹಾಕಿದೆ. ನಾನೇ ಹೇಳಬಾರದು, ಕೌದಿ ಚಿತ್ರದಂತೆ ಬಂದಿತ್ತು. ಬೀಗತಿಯವರು ತೊಟ್ಟಿಲ ಮೇಲಿಂದ ಎತ್ತಿ ನಾಲ್ಕು ಜನರಿಗೆ ತೋರಿಸಿದರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಎರಡು ತಿಂಗಳು ಕಳೆಯಿತು. ಶ್ರಾವಣ ಬಂತು. ನಾಗರ ಪಂಚಮಿಗೆ ಮಗಳನ್ನು ಕರೆಯಬೇಕೆಂದು ಉಂಡಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದೆ. ಕೂಸು ತೊಟ್ಟಿಲಲ್ಲಿ ಆಡುತ್ತಿತ್ತು, ಮೈಮೇಲೆ ಅಂಗಡಿಯ ಬ್ಲಾಂಕೆಟ್ಟು.

‘ಕೌದಿ ಎಲ್ಲೈತಿ?’ ಎಂದೆ.

‘ಒಗಿಯಾಕ ಹಾಕೇನವ್ವಾ’ ಎಂದಳು ಮಗಳು, ಮುಖ ಕೊಡದೆ.

ಬೀಗತಿಯವರು ಚಹಾ ತಂದಿಟ್ಟು, ನಗುತ್ತಲೇ ಹೇಳಿದರು: ‘ಏನ್ರಿ, ನಿಮ್ಮ ಕೌದಿ ಕೂಸಿನ ಝಬಲಾ ಎಲ್ಲಾ ಕೆಂಪ ಮಾಡಿ ಬಿಟ್ಟತಲ್ರಿ. ಇರಲಿ ಬಿಡ್ರಿ, ಏನಾಗತೈತಿ.’ ಅವರು ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ‘ಇರಲಿ ಬಿಡ್ರಿ’ ಎಂದದ್ದು ಎದೆಗೆ ಚುಚ್ಚಿತು.

ಸಂಜೆ ಮಗಳು ಕಪಾಟಿನ ಕೆಳಗಿನ ಖಾನೆಯಿಂದ ಒಂದು ಗಂಟು ತೆಗೆದು ತೋರಿಸಿದಳು. ಅದು ನನ್ನ ಕೌದಿ ಎಂದು ನಂಬಲು ಹೊತ್ತು ಹಿಡಿಯಿತು. ಬಿಸಿನೀರು ಹಾಕಿ ಕೂಸಿನ ಬಟ್ಟೆಗಳ ಜೊತೆ ಮಷೀನಿಗೆ ಹಾಕಿದ್ದಾಳೆ. ಕೆಂಪು ಹರಿದು ಬಿಳಿಯೆಲ್ಲ ಗುಲಾಬಿ, ಹಳದಿಯ ಮೇಲೆ ಕಿತ್ತಳೆ ಮಚ್ಚೆ. ಅಷ್ಟೇ ಆಗಿದ್ದರೆ ಬೇರೆ ಮಾತು. ಕೌದಿ ಮುದುಡಿ ಹೋಗಿತ್ತು. ಮೇಲಿನ ಹೊಸ ಬಟ್ಟೆ ಕುಗ್ಗಿದೆ, ಒಳಗಿನ ಹಳೆಯ ಧೋತರ ಕುಗ್ಗಿಲ್ಲ. ಕುಗ್ಗದ ಧೋತರ ಒಳಗೇ ಮಡಿಕೆ ಬಿದ್ದು ಗಂಟು ಗಂಟಾಗಿದೆ. ಕೆಲವೆಡೆ ದಾರ ಎಳೆದು ಬಟ್ಟೆ ಹಿಸಿದಿದೆ. ಅಂಗೈಯಿಂದ ಸವರಿದರೆ ಒತ್ತುತ್ತಿತ್ತು. ಅಂಥದ್ದರ ಮೇಲೆ ಎಳೆಯ ಕೂಸನ್ನು ಹೇಗೆ ಮಲಗಿಸಿಯಾಳು?

‘ನೀ ಬ್ಯಾಸರ ಮಾಡ್ಕೋತಿ ಅಂತ ಹೇಳಲಿಲ್ಲವ್ವಾ’ ಎಂದು ಮಗಳು ಅತ್ತಳು. ಅವಳಿಗಿಂತ ನನಗೆ ಹೆಚ್ಚು ಅಳು ಬಂದದ್ದು ಧೋತರದ ನೆನಪಾಗಿ. ಮನೆಗೆ ಹೋಗಿ ಅತ್ತೆಗೆ ಏನು ಹೇಳಲಿ?

ಮಗಳನ್ನೂ ಮೊಮ್ಮಗಳನ್ನೂ ಆ ಗಂಟನ್ನೂ ಕರಕೊಂಡು ರಾಣೆಬೆನ್ನೂರಿಗೆ ಬಂದೆ. ಪಂಚಮಿಯ ದಿನ ಸೂಜಿ ಕತ್ತರಿ ಮುಟ್ಟಬಾರದೆಂದು ನಮ್ಮ ಮನೆಯ ರೂಢಿ. ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಕೂತು ಗುಟ್ಟಾಗಿ ಹೊಲಿಗೆ ಬಿಚ್ಚತೊಡಗಿದೆ. ಕತ್ತರಿಯ ಸದ್ದಿಗೋ ಏನೋ, ಅತ್ತೆ ಗೋಡೆ ಹಿಡಿದುಕೊಂಡು ಬಂದು ಎದುರಿಗೆ ಕೂತರು. ಮಾತಿಲ್ಲದೆ ಒಂದು ಮೂಲೆ ಎಳೆದುಕೊಂಡು ತಾವೂ ಬಿಚ್ಚತೊಡಗಿದರು. ಬೆರಳಿನಿಂದಲೇ ಹೊಲಿಗೆ ಹುಡುಕಿ, ದಾರವನ್ನು ಜಗ್ಗದೆ, ಒಂದೊಂದೇ ಟಾಕು ಎತ್ತಿ ಬಿಡಿಸುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: ‘ಧೋತ್ರಕ್ಕ ಬಣ್ಣ ಹತ್ತೇತೇನು?’

ಧೋತರ ನನ್ನ ತೊಡೆಯ ಮೇಲೇ ಇತ್ತು. ಅಂಗೈ ಅಗಲದ ಕೆಂಪು ಕಲೆಗಳು ಏಳೆಂಟು. ಅವರಿಗೆ ಕಾಣುವುದಿಲ್ಲ. ನಾನು ಹೇಳದಿದ್ದರೆ ಯಾರೂ ಹೇಳುವವರಿಲ್ಲ.

‘ಇಲ್ರಿ ಅತ್ತಿ’ ಎಂದುಬಿಟ್ಟೆ.

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸಾಲು ಮುಗಿಯುವತನಕ ಬಿಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು: ‘ನೀರು ಕಾಣದ ಕೆಂಪು ಅರಿವಿ ಬಾಜೂಕಿನ ಬಿಳಿಗೆ ಹತ್ತಲಾರದ ಬಿಡೂದಿಲ್ಲವ್ವಾ. ನನ್ನ ಕಣ್ಣು ಹೋಗ್ಯಾವು, ಬುದ್ಧಿ ಹೋಗಿಲ್ಲ.’

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಪ್ಪಾಯಿತು ಎಂದು ಅವರ ಕಾಲು ಹಿಡಿದೆ. ಬಣ್ಣ ಹತ್ತಿದ್ದಕ್ಕಲ್ಲ, ಸುಳ್ಳಾಡಿದ್ದಕ್ಕೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ‘ಏಳ, ಏಳ. ಕಲಿ ಒಳಗಿನ ಪದರಿಗೆ ಹೋಗತೈತಿ, ಯಾರ ನೋಡತಾರ? ಅದನ್ನ ತೊಳದು ಮತ್ತ ಹಾಕು. ಆದ್ರ ಈ ಸಲ ಎಲ್ಲಾ ಅರಿವೀನೂ ನೀರಿಗೆ ಹಾಕು’ ಎಂದರು.

ಹಾಗೇ ಮಾಡಿದೆವು. ಪಂಚಮಿಯ ಜೋಕಾಲಿ ಇನ್ನೂ ಪಡಸಾಲೆಯ ತೊಲೆಯಲ್ಲೇ ಇತ್ತು. ಅದರ ಪಕ್ಕಕ್ಕೆ ಹಗ್ಗ ಕಟ್ಟಿ ತುಂಡುಗಳನ್ನು ಒಣಹಾಕಿದೆವು. ಮಗಳು ನೀರು ಬದಲಿಸಿದಳು, ನಾನು ಹಿಂಡಿದೆ, ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ‘ಇನ್ನೂ ಬಿಡಾಕ ಹತ್ತೇತೇನು?’ ಎಂದು ಲೆಕ್ಕ ಕೇಳಿದರು. ಹಳದಿ, ಹಸಿರು ಎರಡನೆಯ ನೀರಿಗೇ ತಿಳಿಯಾದವು. ಕೆಂಪು ಮಾತ್ರ ಐದನೆಯ ನೀರಿಗೆ ತಿಳಿಯಾಯಿತು. ಬಿಳಿಯ ಮೇಲಿನ ಗುಲಾಬಿ ಪೂರ್ತಿ ಹೋಗಲಿಲ್ಲ, ಧೋತರದ ಕಲೆಯೂ ಹೋಗಲಿಲ್ಲ. ಇದ್ದದ್ದರಲ್ಲೇ ಮತ್ತೆ ಕತ್ತರಿಸಿ ಹೊಲಿದೆವು. ಅಳತೆ ಸ್ವಲ್ಪ ಚಿಕ್ಕದಾಯಿತು. ಆದರೆ ಆಮೇಲೆ ಎಷ್ಟು ಸಲ ಒಗೆದರೂ ಆ ಕೌದಿ ಮುದುಡಿಲ್ಲ.

ಆ ಮೊಬೈಲಿನ ಹೆಂಗಸು ಹಾಗಾದರೆ ಸುಳ್ಳು ಹೇಳಿದಳೇ? ಇಲ್ಲ. ಈ ಮಾತು ನನ್ನನ್ನು ಬಹಳ ದಿನ ಕೊರೆಯಿತು. ಕಾಲೇಜಿಗೆ ಹೋಗುವ ಮಗನನ್ನು ಕೂಡಿಸಿಕೊಂಡು ವಿಚಾರಿಸಿದೆ. ಅವನು ಹುಡುಕಿ ತಿಳಿಸಿದ್ದನ್ನೂ ನಾನು ಕೈಯಾರೆ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಹತ್ತಿಬಟ್ಟೆಯನ್ನು ನೇಯುವಾಗ, ಆಮೇಲೆ ಗಿರಣಿಯಲ್ಲಿ ಇಸ್ತ್ರಿ ಮಾಡುವಾಗ ಎಳೆಗಳನ್ನು ಬಿಗಿಯಾಗಿ ಜಗ್ಗಿ ಹಿಡಿದಿರುತ್ತಾರೆ. ನೀರು ತಾಗಿದ ಕೂಡಲೇ ಎಳೆ ಉಬ್ಬುತ್ತದೆ, ಜಗ್ಗು ಸಡಿಲವಾಗಿ ಬಟ್ಟೆ ತನ್ನ ಅಳತೆಗೆ ಮರಳುತ್ತದೆ. ಇದಕ್ಕೇ ನಾವು ಕುಗ್ಗಿತು ಎನ್ನುವುದು. ಸಾಮಾನ್ಯ ಹತ್ತಿಬಟ್ಟೆ ಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಕುಗ್ಗಬಹುದು, ಸಡಿಲ ನೇಯ್ಗೆಯದು ಇನ್ನೂ ಹೆಚ್ಚು. ಪಾಲಿಯೆಸ್ಟರ್ ಬಟ್ಟೆ ಕುಗ್ಗುವುದು ತೀರ ಕಡಿಮೆ. ಹಿಂದೆ ಬಟ್ಟೆಯ ಅಂಚಿನಲ್ಲಿ ‘ಸ್ಯಾನ್‌ಫರೈಸ್ಡ್’ ಎಂದು ಮುದ್ರೆ ಇರುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ ಎಂಬವರು 1930ರಲ್ಲಿ ಹಕ್ಕು ಪಡೆದ ಪದ್ಧತಿ ಅದು. ಗಿರಣಿಯಲ್ಲೇ ಬಟ್ಟೆಯನ್ನು ಮೊದಲೇ ಕುಗ್ಗಿಸಿ ಕಳಿಸುವುದು. ಅಂಥ ಬಟ್ಟೆ ಮತ್ತೆ ಕುಗ್ಗುವುದು ಅತಿ ಕಡಿಮೆ. ಕಟ್ ಪೀಸ್ ರಾಶಿಯಲ್ಲಿ ಯಾವುದು ಅಂಥದ್ದು, ಯಾವುದು ಅಲ್ಲ ಎಂದು ಹೇಳುವವರಾರು?

ಇನ್ನು ಆ ಹೆಂಗಸಿನ ಮಾತು. ಅವಳ ಕೌದಿಯಲ್ಲಿ ಮೇಲಿನದು ಹೊಸದು, ಕೆಳಗಿನದು ಹೊಸದು, ನಡುವಿನ ಹತ್ತಿಯ ಹಾಸೂ ಹೊಸದು. ಕುಗ್ಗಿದರೆ ಹೆಚ್ಚು ಕಡಿಮೆ ಎಲ್ಲವೂ ಕೂಡಿ ಕುಗ್ಗುತ್ತವೆ. ಆಗ ಮೇಲೆ ಸಣ್ಣ ಸಣ್ಣ ಸುಕ್ಕು ಬೀಳುತ್ತದೆ, ಆ ಸುಕ್ಕನ್ನೇ ಅವರಲ್ಲಿ ಅನೇಕರು ಚೆಂದ ಎನ್ನುತ್ತಾರೆ. ನಮ್ಮ ಕೌದಿಯ ರೀತಿ ಬೇರೆ. ಅದರಲ್ಲಿ ಅಜ್ಜನ ಧೋತರ, ಅವ್ವನ ಸೀರೆ, ನಿನ್ನೆ ತಂದ ತುಂಡು ಎಲ್ಲ ಒಂದೇ ದಾರದಲ್ಲಿ ಕೂಡಬೇಕು. ಒಂದು ನೂರು ನೀರು ಕಂಡದ್ದು, ಇನ್ನೊಂದು ಒಂದೂ ಕಾಣದ್ದು. ಕಾಣದ್ದನ್ನು ಕಂಡದ್ದರ ಸಮಕ್ಕೆ ತರದೆ ಹೊಲಿದರೆ ಹೊಸದು ಜಗ್ಗುತ್ತದೆ, ಹಳೆಯದು ಹಿಸಿಯುತ್ತದೆ. ನಮ್ಮ ಅತ್ತೆ ಹೇಳಿದ್ದು ಇಷ್ಟನ್ನೇ. ನನಗೆ ತಿಳಿಯಲು ಒಂದು ಕೌದಿ ಕೆಡಬೇಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ಕೌದಿ ಹೊಲಿಯಬೇಕೆಂದಿರುವ ಸೋದರಿಯರಿಗೆ ನಾನು ಈಗ ಮಾಡುವ ಕ್ರಮ ಹೇಳುತ್ತೇನೆ.

ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲೇ, ಇಡೀ ತುಂಡನ್ನೇ ತೊಳೆಯಿರಿ. ಸಣ್ಣಗೆ ಕತ್ತರಿಸಿ ತೊಳೆದರೆ ಅಂಚು ಎಳೆ ಬಿಟ್ಟು ಅರ್ಧ ಬಟ್ಟೆ ಹೋಗುತ್ತದೆ. ಟೇಲರ್ ಹತ್ತಿರ ತಂದ ಚೂರುಗಳಾದರೆ ದಿಂಬಿನ ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ ಅದ್ದಿರಿ.

ಬಣ್ಣದ ಪರೀಕ್ಷೆಗೆ ಒಂದು ಮೂಲೆಯನ್ನು ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿರಿ. ಬಿಳಿಗೆ ಹತ್ತಿದರೆ ಆ ಬಟ್ಟೆಯನ್ನು ಬೇರೆಯಾಗಿಯೇ ತೊಳೆಯಿರಿ. ಕೆಂಪು, ಕಡುನೀಲಿ, ಕಪ್ಪು ಇವುಗಳ ಮೇಲೆ ಹೆಚ್ಚು ಕಣ್ಣಿರಲಿ. ನೀರು ತಿಳಿಯಾಗುವವರೆಗೂ ಬದಲಿಸಬೇಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವವರಿದ್ದಾರೆ. ಒಂದೇ ಬಟ್ಟೆಯ ಎರಡು ತುಂಡು ಮಾಡಿ, ಒಂದಕ್ಕೆ ಹಾಕಿ ಒಂದಕ್ಕೆ ಹಾಕದೆ ನಾನು ನೋಡಿದ್ದೇನೆ. ಎರಡೂ ಒಂದೇ ನೀರಿಗೆ ತಿಳಿಯಾದವು. ಹೆಚ್ಚಿನ ಬಣ್ಣ ಹೋಗುವುದು ನೀರಿನಿಂದ, ಉಪ್ಪಿನಿಂದ ಅಲ್ಲ.

ಕುಗ್ಗುವ ಪರೀಕ್ಷೆಯೂ ಸುಲಭ. ಬಟ್ಟೆಯ ಮೇಲೆ ಮೂವತ್ತು ಸೆಂಟಿಮೀಟರ್ ಉದ್ದಕ್ಕೆ ದಾರದಿಂದ ಎರಡು ಗುರುತು ಹಾಕಿ, ತೊಳೆದು ಒಣಗಿಸಿ ಮತ್ತೆ ಅಳೆಯಿರಿ. ಎಷ್ಟು ಕುಗ್ಗಿತೆಂದು ಟೇಪೇ ಹೇಳುತ್ತದೆ. ಮುಂದೆ ಕೌದಿಯನ್ನು ಬಿಸಿನೀರಿನಲ್ಲಿ ಒಗೆಯುವುದಾದರೆ ಈಗಲೂ ಬಿಸಿನೀರಿನಲ್ಲೇ ತೊಳೆಯಬೇಕು. ತಣ್ಣೀರಿನಲ್ಲಿ ತೊಳೆದದ್ದು ಬಿಸಿನೀರಿಗೆ ಮತ್ತೆ ಕುಗ್ಗುವುದುಂಟು.

ಬಿರುಸು ಬೇಕೆನ್ನುವವರು ತೊಳೆದ ಮೇಲೆ ತೆಳ್ಳಗೆ ಗಂಜಿ ಕೊಟ್ಟು, ಹಸಿ ಇರುವಾಗಲೇ ಇಸ್ತ್ರಿ ಮಾಡಿ ಕತ್ತರಿಸಿ. ಹೊಲಿದಾದ ಮೇಲೆ ಒಮ್ಮೆ ಒಗೆದು ಗಂಜಿ ತೆಗೆಯುವುದನ್ನು ಮರೆಯಬೇಡಿ. ಗಂಜಿಯ ಬಟ್ಟೆಯನ್ನು ಹಾಗೇ ಮಡಿಸಿ ಇಟ್ಟರೆ ಬೆಳ್ಳಿ ಹುಳಕ್ಕೆ ಹಬ್ಬ. ಕೂಸಿನ ಕೌದಿಯಾದರಂತೂ ತೊಳೆಯದ ಹೊಸ ಬಟ್ಟೆ ಬೇಡವೇ ಬೇಡ. ಅದರ ಮೇಲಿನ ಗಂಜಿ, ಮಿಕ್ಕ ಬಣ್ಣ, ಗಿರಣಿಯ ಔಷಧ ಎಳೆಯ ಚರ್ಮಕ್ಕೆ ಆಗುವುದಿಲ್ಲ. ಹುಟ್ಟಿದ ಕೂಸಿಗೆ ಮೊದಲು ಹಳೆಯ ಬಟ್ಟೆಯನ್ನೇ ಹಾಕುವ ನಮ್ಮ ಹಿರಿಯರ ಪದ್ಧತಿಯಲ್ಲಿ ಈ ತಿಳಿವಳಿಕೆಯೂ ಇದ್ದಿರಬೇಕು.

ತೀರ ಹಳೆಯ, ಮೆತ್ತಗಾದ ಬಟ್ಟೆಗೆ ಇದಾವುದೂ ಬೇಡ. ಶುಚಿಯಾಗಿದ್ದರೆ ಸಾಕು. ಅದನ್ನು ಮತ್ತೆ ತಿಕ್ಕಿ ಒಗೆಯಲು ಹೋದರೆ ಕೈಯಲ್ಲೇ ಹರಿಯುತ್ತದೆ.

ಇಷ್ಟೆಲ್ಲ ಕಲಿತೆ ಎಂದುಕೊಂಡಿದ್ದೆ. ಇನ್ನೊಂದು ಪಾಠ ಉಳಿದಿತ್ತು.

2023ರ ಡಿಸೆಂಬರಿನಲ್ಲಿ ಅತ್ತೆ ತೀರಿಕೊಂಡರು. ಹೆಚ್ಚು ಮಲಗಲಿಲ್ಲ, ಯಾರಿಂದಲೂ ಮಾಡಿಸಿಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ ಟ್ರಂಕು ತೆಗೆದಾಗ ಒಂದು ಇಳಕಲ್ ಸೀರೆ ಸಿಕ್ಕಿತು. ಅವರ ತವರು ಹುನಗುಂದದ ಕಡೆ. ಇಳಕಲ್ಲು ಅಲ್ಲಿಗೆ ಹತ್ತಿರ. ಕಡುನೀಲಿ ಮೈ, ಕೆಂಪು ಸೆರಗು, ಒಂಬತ್ತು ಗಜ. ಮೈಯ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ನೇಕಾರರ ಕೈಚಳಕ. ಉಟ್ಟದ್ದು ಒಂದೆರಡು ಸಲವಿರಬೇಕು, ನೀರು ಕಂಡೇ ಇರಲಿಲ್ಲ. ಅದಕ್ಕೆ ಅತ್ತೆಯ ವಾಸನೆ ಇತ್ತು. ಸ್ವಲ್ಪ ಕೊಬ್ಬರಿ ಎಣ್ಣೆ, ಸ್ವಲ್ಪ ಎಲೆ ಅಡಿಕೆ, ಸ್ವಲ್ಪ ಬೇವಿನ ಎಲೆ.

ಅವರ ಉಳಿದ ಸೀರೆಗಳ ಜೊತೆ ಇದನ್ನೂ ಸೇರಿಸಿ, ನಮ್ಮವರಿಗೂ ಇಬ್ಬರು ನಾದಿನಿಯರಿಗೂ ಒಂದೊಂದು ಕೌದಿ ಹೊಲಿಯಬೇಕೆಂದು ಮನಸ್ಸಾಯಿತು. ಆದರೆ ತೊಳೆದರೆ ಆ ವಾಸನೆ ಹೋಗುತ್ತದೆ. ಸೀರೆಯನ್ನು ಹಿಡಿದು ಹಿತ್ತಲ ಕಲ್ಲಿನ ಮುಂದೆ ಎಷ್ಟು ಹೊತ್ತು ನಿಂತೆನೋ. ‘ತೊಳೀಬ್ಯಾಡ ಬಿಡು, ಹಂಗ ಇರಲಿ’ ಎಂದರು ನಮ್ಮವರು. ಅವರ ಕಣ್ಣೂ ಒದ್ದೆಯಾಗಿತ್ತು. ಒಂದು ಮನಸ್ಸು ಹೌದೆಂದಿತು. ಆದರೆ ಬೆವರು, ಎಣ್ಣೆ ಉಳಿದ ಬಟ್ಟೆ ಮಡಿಕೆಯಲ್ಲೇ ಹಳದಿಗಟ್ಟಿ ಜೀರ್ಣವಾಗುತ್ತದೆ, ವಾಸನೆಯೂ ನಿಲ್ಲುವುದಿಲ್ಲ. ಮಾವನವರ ಧೋತರವನ್ನು ವರ್ಷ ವರ್ಷ ಒಗೆದು ಇಟ್ಟವರು ಅತ್ತೆಯೇ ಅಲ್ಲವೇ? ಒಗೆದದ್ದರಿಂದಲೇ ಅದು ಮೊಮ್ಮಗಳ ಮಗಳಿಗೆ ಬಂತು.

ಬಕೆಟ್ಟಿಗೆ ನೀರು ತುಂಬಿ ಅದ್ದಿದೆ. ಕೆಂಪು ಹರಿಯಿತು. ನೀರು ಬದಲಿಸಿದೆ, ಮತ್ತೂ ಕೆಂಪು. ಐದಾಯಿತು, ಆರಾಯಿತು, ಎಂಟಾಯಿತು. ಸೆರಗು ಬಣ್ಣ ಬಿಡುತ್ತಲೇ ಇತ್ತು. ಅಳುತ್ತಿದ್ದವಳಿಗೆ ನಗು ಬಂತು. ಅತ್ತೆಯ ಸ್ವಭಾವವೂ ಹಾಗೇ. ಇಪ್ಪತ್ತೇಳು ವರ್ಷ ಕೂಡಿ ಬಾಳಿದರೂ ತಮ್ಮ ಮಾತು ಬಿಟ್ಟುಕೊಟ್ಟವರಲ್ಲ.

ಅಂಥ ಸೀರೆಯನ್ನು ಬೇರೆ ಬಟ್ಟೆಗಳ ಜೊತೆ ಕೂಡಿಸಿದರೆ ಎಲ್ಲವನ್ನೂ ಕೆಂಪು ಮಾಡುತ್ತದೆ. ಬಿಸಾಡಲು ಮನಸ್ಸಿಲ್ಲ. ಕೊನೆಗೆ ಹೊಳೆಯಿತು. ಒಂಬತ್ತು ಗಜದ ಸೀರೆಯನ್ನು ನಾಲ್ಕು ಪದರ ಮಡಿಸಿದರೆ ಎರಡು ಮೀಟರ್ ಉದ್ದದ ಹಾಸಾಗುತ್ತದೆ. ಬೇರೆ ತುಂಡಿನ ಗೊಡವೆ ಇಲ್ಲದೆ, ಆ ಸೀರೆಯಿಂದಲೇ ಅಷ್ಟೂ ಪದರ ಹಾಕಿ ಒಂದು ಕೌದಿ ಹೊಲಿದೆ. ತನ್ನ ಬಣ್ಣ ತನ್ನ ಮೇಲೇ ಹತ್ತಿದರೆ ಯಾರಿಗೇನು? ಒಗೆಯುವಾಗ ಅದೊಂದನ್ನೇ ಬೇರೆ ಒಗೆಯುತ್ತೇನೆ. ಉಳಿದ ಸೀರೆಗಳಿಂದ ನಾದಿನಿಯರಿಗೆ ಹೊಲಿದು ಕಳಿಸಿದೆ. ಇದು ನಮ್ಮವರ ಹಾಸಿಗೆಯ ಮೇಲಿದೆ. ಎಷ್ಟು ನೀರಾದರೂ ಬಣ್ಣ ಬಿಡುವ ಬಟ್ಟೆ ನಿಮ್ಮಲ್ಲಿದ್ದರೆ ಹೀಗೆ ಮಾಡಿ, ಚೆಲ್ಲಬೇಡಿ.

ವಾಸನೆಯೇನೋ ಹೋಯಿತು. ಮೊದಲ ಕೆಲವು ದಿನ ಮೂಗಿಗೆ ಹಿಡಿದು ಹುಡುಕಿದೆ. ಈಗ ಹುಡುಕುವುದಿಲ್ಲ.

ಮೊನ್ನೆ ಮಗಳು ಬಂದಿದ್ದಳು. ಮೊಮ್ಮಗಳಿಗೆ ಈಗ ಬಾಯಿ ತುಂಬ ಮಾತು. ಆ ಹಳೆಯ ಕೌದಿ ಇಲ್ಲದೆ ಅವಳಿಗೆ ನಿದ್ದೆ ಬಾರದು, ಎಲ್ಲಿಗೆ ಹೋದರೂ ಎಳೆದುಕೊಂಡೇ ಹೋಗುತ್ತಾಳೆ. ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿ ಒಳಗಿನ ಧೋತರ ಇಣುಕುತ್ತಿತ್ತು. ಅದರ ಮೇಲಿನ ಕೆಂಪು ಕಲೆಗೆ ಬೆರಳಿಟ್ಟು, ‘ಅಜ್ಜಿ, ಇದೇನು?’ ಎಂದಳು.

‘ನಿನ್ನ ಮುತ್ತಜ್ಜಿ ಹೇಳಿದ ಮಾತು ನಾ ಕೇಳಲಿಲ್ಲವ್ವಾ, ಅದರ ಗುರುತು’ ಎಂದೆ. ಸೂಜಿಗೆ ದಾರ ಪೋಣಿಸಿಕೊಂಡು ಆ ಮೂಲೆ ಹೊಲಿದು ಕೊಟ್ಟೆ.